ಗರ್ಭಧಾರಣೆಗೆ ಮುನ್ನ ದಂಪತಿಗಳ ಆಹಾರ

ಬಿತ್ತನೆಯ ಕಾಲ ಬರುವುದಕ್ಕೆ ಮೊದಲೇ ರೈತನು ನೆಲವನ್ನು ಹದಗೊಳಿಸುತ್ತಾನೆ. ಜೊಳ್ಳನ್ನು ತೂರಿ ಗಟ್ಟಿ ಬೀಜವನ್ನು ಆರಿಸಿಡುತ್ತಾನೆ. ಮಗುವನ್ನು ಬಯಸುವ ದಂಪತಿಗಳೂ ಹೀಗೆಯೇ ಮುಂಚಿತವಾಗಿ ಸಿದ್ಧರಾಗಬೇಕು. ಬಸುರಾದ ಮೇಲೆ ಒಳ್ಳೆಯ ಊಟ ಕೊಟ್ಟರೆ ಸಾಕೆಂಬ ಭಾವನೆ ಸರಿಯಲ್ಲ.

ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳವು ಗರ್ಭಾಂಕುರವಾದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ಆ ವೇಳೆಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಫೋಲಿಕ್ ಆಮ್ಲವು ಸಾಲದಿದ್ದರೆ ಈ ನಾಳವು ಸರಿಯಾಗಿ ಮುಚ್ಚದೆ ಮಗು ಅಂಗವೈಕಲ್ಯದಿಂದ ಹುಟ್ಟಬಹುದು. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದಾಗಲೇ ಪತ್ನಿಯು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಿ, ಗರ್ಭದ ಮೊದಲ 12 ವಾರಗಳವರೆಗೆ ಸೇವಿಸತಕ್ಕದ್ದು. ಹಿಂದೆ ಇಂತಹ ಊನವುಳ್ಳ ಮಗು ಜನಿಸಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಅವರಿಗೆ ಹೆಚ್ಚಿನ ಪ್ರಮಾಣ ಅಗತ್ಯ.

ಎರಡನೆಯ ಶತ್ರು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ರಕ್ತವಿಲ್ಲದ ತಾಯಿಗೆ ಹೆರಿಗೆಯ ಸಮಯದ ರಕ್ತಸ್ರಾವವು ಪ್ರಾಣಾಪಾಯವನ್ನು ತರಬಹುದು. ಮಗು ದಿನ ತುಂಬದೆ ಅಥವಾ ಕಡಿಮೆ ತೂಕದಿಂದ ಹುಟ್ಟಬಹುದು. ಗರ್ಭ ಧರಿಸುವ ಮುನ್ನ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗೆ ಕಡಿಮೆಯಿದ್ದರೆ ಚಿಕಿತ್ಸೆ ಪಡೆಯಿರಿ.

ಸಂತಾನಶಕ್ತಿಯು ಹಾರ್ಮೋನುಗಳೆಂಬ ರಸಗಳ ಹತೋಟಿಯಲ್ಲಿದೆ. ಊಟ ಸಾಲದೆ ದೇಹವು ತೀರ ಕೃಶವಾದರೆ ಮಿದುಳಿನಿಂದ ಅಂಡಾಶಯಕ್ಕೆ ದೊರೆಯಬೇಕಾದ ಪ್ರಚೋದನೆ ಕುಗ್ಗಿ, ತಿಂಗಳಿಗೊಮ್ಮೆ ಅಂಡಾಣು ಹೊರಬರುವುದು ನಿಲ್ಲಬಹುದು. ಬೊಜ್ಜು ಹೆಚ್ಚಾದರೂ ಈ ಸಮತೋಲನ ಕೆಡುತ್ತದೆ. ಮುಟ್ಟಿನ ಏರುಪೇರು ಇದರ ಸೂಚನೆಯಾಗಿರಬಹುದು. ಥೈರಾಯ್ಡ್ ಗ್ರಂಥಿಯ ಕಾರ್ಯಕ್ಕೆ ಅಯೋಡಿನ್ ಬೇಕು. ಅಡಿಗೆಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಹಿತಮಿತವಾಗಿ ಬಳಸಿರಿ.

ಪತಿಯ ಪಾತ್ರವೂ ಕಿರಿದಲ್ಲ. ಪುರುಷನ ವೀರ್ಯಾಣುಗಳು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಬೀಡಿ, ಸಿಗರೇಟು, ಮದ್ಯಪಾನಗಳು ಅವುಗಳ ಸಂಖ್ಯೆಯನ್ನೂ ಗುಣವನ್ನೂ ಕುಗ್ಗಿಸುತ್ತವೆ. ಆದ್ದರಿಂದ ಕನಿಷ್ಠ ಮೂರು ತಿಂಗಳ ಮೊದಲೇ ಇವನ್ನು ತ್ಯಜಿಸಿರಿ. ಹೊಗೆಸೊಪ್ಪನ್ನು ಇಬ್ಬರೂ ಬಿಡಿರಿ.

ಇದಕ್ಕಾಗಿ ದುಬಾರಿ ಪದಾರ್ಥಗಳು ಬೇಕಿಲ್ಲ. ರಾಗಿಮುದ್ದೆ ಅಥವಾ ಜೋಳದ ರೊಟ್ಟಿಯ ಜೊತೆಗೆ ದಿನವೂ ಒಂದು ಬಗೆಯ ಸೊಪ್ಪು, ಒಂದು ಬಗೆಯ ಬೇಳೆ ಅಥವಾ ಕಾಳು ಇರಲಿ. ನುಗ್ಗೆ, ಹರಿವೆ, ಮೆಂತ್ಯದ ಸೊಪ್ಪು, ಮೊಳಕೆ ಬಂದ ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆಕಾಯಿ, ಹಾಲು, ಮಜ್ಜಿಗೆ ಉತ್ತಮ ಆಹಾರಗಳು. ಮಾಂಸಾಹಾರಿಗಳು ಮೊಟ್ಟೆ, ಮೀನು ಸೇವಿಸಬಹುದು. ಊಟದೊಡನೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಇದ್ದರೆ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀಗಳು ಇದಕ್ಕೆ ಅಡ್ಡಿ. ಊಟಕ್ಕೂ ಅವಕ್ಕೂ ಒಂದು ಗಂಟೆಯ ಅಂತರವಿರಲಿ.

ಮನೆಯವರೆಲ್ಲರೂ ಉಂಡ ಬಳಿಕ ಉಳಿದುದನ್ನು ಹೆಂಗಸು ಉಣ್ಣುವ ಪದ್ಧತಿ ಹಲವು ಮನೆಗಳಲ್ಲಿದೆ. ಅಷ್ಟರಲ್ಲಿ ಪಲ್ಯವೂ ಕಾಳೂ ತೀರಿ, ಬರಿಯ ತಿಳಿಸಾರು ಉಳಿದಿರುತ್ತದೆ. ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯುವ ಆಕೆಗೆ ಇದರಿಂದ ಪುಷ್ಟಿ ದೊರೆಯುವುದೆಂತು? ಪತಿಪತ್ನಿಯರು ಒಟ್ಟಿಗೆ ಕುಳಿತು ಉಣ್ಣಿರಿ. ಅತ್ತೆಯವರು ಸೊಸೆಯ ಪಾಲನ್ನು ಮೊದಲೇ ತೆಗೆದಿಡಲಿ.

ದೇಹವು ಸಿದ್ಧವಾಗುವವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುವ ತಾತ್ಕಾಲಿಕ ಸಂತಾನ ನಿಯಂತ್ರಣ ಸಾಧನಗಳನ್ನು ಬಳಸಿರಿ. ಹೆರಿಗೆಯಾದವರು ಎರಡು ವರ್ಷಗಳ ನಂತರವೇ ಮುಂದಿನ ಗರ್ಭವನ್ನು ಯೋಚಿಸುವುದು ಕ್ಷೇಮ.

ಆಹಾರದಿಂದಲೇ ಎಲ್ಲ ಬಂಜೆತನವೂ ನೀಗುವುದಿಲ್ಲ. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ವರ್ಷ ಮೀರಿದ್ದಲ್ಲಿ ಆರು ತಿಂಗಳಿಗೇ, ವೈದ್ಯರನ್ನು ಕಾಣಿರಿ. ದೋಷವು ಇಬ್ಬರಲ್ಲಿ ಯಾರಲ್ಲಿಯಾದರೂ ಇರಬಹುದಾದ್ದರಿಂದ ಇಬ್ಬರೂ ಪರೀಕ್ಷೆಗೆ ಹೋಗಿರಿ; ಹೆಣ್ಣನ್ನು ಮಾತ್ರ ದೂಷಿಸುವುದು ಅನ್ಯಾಯ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕಂಡು ರಕ್ತಪರೀಕ್ಷೆ ಮತ್ತು ಮಾತ್ರೆಗಳ ವಿಷಯವನ್ನು ವಿಚಾರಿಸಿರಿ.