ಚಳಿನಾಡಿನಲ್ಲಿ ಜನ ಸೇರುವ ಬಗೆ

ಉತ್ತರದ ದೇಶಗಳಿಗೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಮೊದಲ ಚಳಿಗಾಲದಲ್ಲಿ ಊರಿಗೆ ಫೋನು ಮಾಡಿ ಹೇಳುವುದುಂಟು: "ಇಲ್ಲಿ ಜನ ಮಾತೇ ಆಡೋದಿಲ್ಲ." ಜನರನ್ನು ದೂರುವ ಮೊದಲು ಹವಾಮಾನವನ್ನು ಸ್ವಲ್ಪ ನೋಡೋಣ.

ಫಿನ್‌ಲೆಂಡನ್ನೇ ತೆಗೆದುಕೊಳ್ಳಿ. ಡಿಸೆಂಬರ್ ಕೊನೆಗೆ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಉತ್ತರದ ತುತ್ತತುದಿಯಲ್ಲಂತೂ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ನಮ್ಮಲ್ಲಿ ಜಗಲಿ, ಅರಳಿಕಟ್ಟೆ, ಟೀ ಅಂಗಡಿಗಳಿವೆ. "ಹೀಗೇ ಬಂದೆ" ಎಂದರೆ ಸಾಕು, ಹರಟೆ ಶುರು. ಮೈನಸ್ ಹದಿನೈದು ಡಿಗ್ರಿಯಲ್ಲಿ ಯಾರೂ ಹೀಗೇ ಬರುವುದಿಲ್ಲ. ಬರಬೇಕಾದರೆ ಒಂದು ಬೆಚ್ಚನೆಯ ಜಾಗ, ಗೊತ್ತುಮಾಡಿದ ಹೊತ್ತು, ಒಂದು ನೆಪ ಬೇಕು. ಚಳಿ ಕಸಿದುಕೊಳ್ಳುವುದು ಆಕಸ್ಮಿಕ ಭೇಟಿಗಳನ್ನು ಮಾತ್ರ, ಸ್ನೇಹವನ್ನಲ್ಲ.

ಫಿನ್‌ಲೆಂಡಿನವರಿಗೆ ಆ ಜಾಗ ಸೌನಾ. 55 ಲಕ್ಷ ದಾಟಿದ ಜನಸಂಖ್ಯೆಗೆ ಅಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ ಎಂದು ಲೆಕ್ಕ. ಮರದ ಹಲಗೆ ಹೊದಿಸಿದ ಪುಟ್ಟ ಕೋಣೆ. ಮೂಲೆಯಲ್ಲಿ ಒಲೆ, ಅದರ ಮೇಲೆ ಕಾದ ಕಲ್ಲುಗಳ ರಾಶಿ. ಒಂದು ಸೌಟು ನೀರು ಹೊಯ್ದರೆ ಚುಂಯ್ ಎಂದು ಹಬೆ ಎದ್ದು ಮೊದಲು ಕಿವಿ ಸುಡುತ್ತದೆ, ಆಮೇಲೆ ಬೆನ್ನು. ಕೋಣೆಯ ಬಿಸಿ 80 ಡಿಗ್ರಿ ಮುಟ್ಟುವುದು ಮಾಮೂಲು. ಬೆವರು ಕಿತ್ತುಕೊಂಡು ಬಂದ ಮೇಲೆ ಕೆಲವರು ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ಹೊಂಡಕ್ಕೆ ಇಳಿದು ಬರುತ್ತಾರೆ. (ನೀವು ಇಳಿಯಲೇಬೇಕೆಂದೇನಿಲ್ಲ!) ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಸೌನಾ ಇದ್ದು, ವಾರಕ್ಕೊಮ್ಮೆ ಒಂದೊಂದು ಮನೆಗೆ ಪಾಳಿ. ಕ್ರಿಸ್‌ಮಸ್ ಮುನ್ನಾದಿನದ ಸೌನಾವಂತೂ ಹಬ್ಬದ ಭಾಗವೇ. ಆಸ್ಪತ್ರೆಗಳು ಬರುವ ಮುಂಚೆ ಹೆರಿಗೆಗಳೂ ಅಲ್ಲೇ ಆಗುತ್ತಿದ್ದವು, ಮನೆಯಲ್ಲೆಲ್ಲ ಚೊಕ್ಕಟವಾದ, ಬೆಚ್ಚನೆಯ ಜಾಗ ಅದೇ ಎಂದು. 2020ರಲ್ಲಿ ಯುನೆಸ್ಕೋ ಈ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಟ್ಟೆಯಿಲ್ಲದೆ ಕೂತಲ್ಲಿ ಸಾಹೇಬರು ಯಾರು, ಗುಮಾಸ್ತ ಯಾರು? ನನಗೆ ಸೌನಾದ ದೊಡ್ಡಗುಣ ಇದೇ ಅನ್ನಿಸುತ್ತದೆ. ಅಲ್ಲಿ ಬಹಳ ಹೊತ್ತು ಯಾರೂ ಮಾತಾಡದೆ ಇರಬಹುದು. ಅದು ಅಸಡ್ಡೆಯಲ್ಲ, ಸಲುಗೆ.

ಕೊರಿಯಾದಲ್ಲಿ ನೆಪವೇ ಬೇರೆ. ಚಳಿ ಗಟ್ಟಿಯಾಗುವ ಮುನ್ನ ನಂಟರು, ನೆರೆಯವರು ಕಲೆತು ರಾಶಿ ಎಲೆಕೋಸಿಗೆ ಉಪ್ಪು ಹಾಕಿ, ಎಲೆ ಎಲೆಯ ನಡುವೆ ಮೆಣಸಿನ ಮಸಾಲೆ ಸವರಿ, ಚಳಿಗಾಲ ಪೂರ್ತಿಗಾಗುವಷ್ಟು ಕಿಮ್ಚಿ ಹಾಕುತ್ತಾರೆ. ಆಮೇಲೆ ಹಂಚಿಕೊಳ್ಳುತ್ತಾರೆ. ಹಪ್ಪಳ ಒತ್ತಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಫಿನ್‌ಲೆಂಡಿಗೆ ಹೊರಟವರಿಗೆ ನನ್ನ ಮಾತು: ಸಹೋದ್ಯೋಗಿ ಸೌನಾಕ್ಕೆ ಕರೆದರೆ ಅದನ್ನು ಊಟಕ್ಕೆ ಕರೆದಷ್ಟೇ ಆದರವೆಂದು ತಿಳಿಯಿರಿ. ಗಂಡಸರು ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ ಸರದಿ ಇರುತ್ತದೆ. ಉಡುಪಿನ ವಿಷಯ ಮೊದಲೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲು ಮೈ ತೊಳೆದುಕೊಳ್ಳಿ, ಕೂರಲು ಒಂದು ಟವೆಲ್ ಒಯ್ಯಿರಿ. ಮೇಲಿನ ಹಲಗೆಯಲ್ಲಿ ಬಿಸಿ ಹೆಚ್ಚು, ಕೆಳಗಿನದರಲ್ಲಿ ಕೂರಿ. ತಲೆ ತಿರುಗಿದಂತಾದರೆ ಸಂಕೋಚಪಡದೆ ಎದ್ದು ಹೊರಗೆ ಬನ್ನಿ.