ಬ್ಯಾಕ್ಟೀರಿಯಾ ಜೀವಕೋಶದ ರಚನೆಯೂ ಔಷಧಿಯ ವಿವೇಕವೂ



ಮಳೆಗಾಲ ಆರಂಭವಾಯಿತೆಂದರೆ ಜಯನಗರದ ನಮ್ಮ ಚಿಕಿತ್ಸಾಲಯಕ್ಕೆ ನೆಗಡಿ, ಕೆಮ್ಮುಗಳಿಂದ ಬಳಲುವವರು ಹೆಚ್ಚಾಗಿ ಬರುತ್ತಾರೆ. ಅವರಲ್ಲಿ ಅನೇಕರು, “ಹೋದ ಸಲ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆ ಎರಡು ದಿನ ತಗೊಂಡೆ ಡಾಕ್ಟ್ರೇ, ಗುಣ ಕಾಣಲಿಲ್ಲ” ಎನ್ನುತ್ತಾರೆ. ಗುಣ ಏಕೆ ಕಾಣಲಿಲ್ಲವೆಂಬುದಕ್ಕೆ ಉತ್ತರವು ಸೂಕ್ಷ್ಮಜೀವಿಗಳ ದೇಹರಚನೆಯಲ್ಲಿಯೇ ಇದೆ. ಅದನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಬ್ಯಾಕ್ಟೀರಿಯಾ ಎಂಬುದು ಒಂದೇ ಜೀವಕೋಶದ ಜೀವಿ. ಸಾಮಾನ್ಯವಾಗಿ ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ನಮ್ಮ ಜೀವಕೋಶಗಳಲ್ಲಿರುವಂತೆ ಪೊರೆಯಿಂದ ಆವೃತವಾದ ಕೋಶಕೇಂದ್ರ ಅದಕ್ಕಿಲ್ಲ. ವಂಶವಾಹಿಗಳನ್ನು ಹೊತ್ತ ಡಿಎನ್‌ಎ, ಸಾಮಾನ್ಯವಾಗಿ ಬಳೆಯಂತೆ ಸುತ್ತಿಕೊಂಡು, ಕೋಶದ್ರವ್ಯದಲ್ಲಿಯೇ ನೆಲೆಸಿರುತ್ತದೆ. ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮುಗಳೂ ಅಲ್ಲಿಯೇ ಇರುತ್ತವೆ. ಆದರೆ ಅವು ನಮ್ಮ ಕೋಶದ್ರವ್ಯದ ರೈಬೋಸೋಮುಗಳಿಗಿಂತ ಚಿಕ್ಕವು, ರಚನೆಯಲ್ಲಿಯೂ ಭಿನ್ನ. ಇವೆಲ್ಲವನ್ನೂ ತೆಳುವಾದ ಕೋಶಪೊರೆಯು ಸುತ್ತುವರಿದಿದೆ. ಅದರ ಹೊರಗೆ ಪೆಪ್ಟಿಡೋಗ್ಲೈಕನ್ ಎಂಬ ಬಲೆಯಂತಹ ವಸ್ತುವಿನಿಂದಾದ ಗಟ್ಟಿ ಕೋಶಭಿತ್ತಿಯಿದೆ. ಕೆಲವು ಬಗೆಗಳಿಗೆ ಈಜಲು ಚಾಟಿಯಂತಹ ಕಶಾಂಗಗಳೂ ಉಂಟು.

ರಚನೆ ಸರಳವಾದರೂ ಶಕ್ತಿ ಅಲ್ಪವಲ್ಲ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲವು. ಲೆಕ್ಕ ಹಾಕಿದರೆ ಒಂದು ಕೋಶವು 8 ಗಂಟೆಗಳಲ್ಲಿ 1.67 ಕೋಟಿಯಷ್ಟಾಗಬಹುದು. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಗ್ಗೆ ಹುದುಗಿ ಉಬ್ಬುವುದು ಇಂತಹ ಉಪಕಾರಿ ಬ್ಯಾಕ್ಟೀರಿಯಾಗಳ ಕೆಲಸದಿಂದಲೇ.

ಆಂಟಿಬಯೋಟಿಕ್ ಔಷಧಿಗಳು ಎರಗುವುದು, ನಮ್ಮ ಜೀವಕೋಶದಲ್ಲಿಲ್ಲದ ಅಥವಾ ಅದಕ್ಕಿಂತ ಭಿನ್ನವಾದ ಭಾಗಗಳ ಮೇಲೆ. ಪೆನಿಸಿಲಿನ್ ಕೋಶಭಿತ್ತಿಯ ನಿರ್ಮಾಣವನ್ನು ಕೆಡಿಸುತ್ತದೆ. ಭಿತ್ತಿ ದುರ್ಬಲಗೊಂಡ ಬ್ಯಾಕ್ಟೀರಿಯಾ ಒಳಗಿನ ಒತ್ತಡದಿಂದಲೇ ಒಡೆಯುತ್ತದೆ. ನಮ್ಮ ಕೋಶಗಳಿಗೆ ಅಂತಹ ಭಿತ್ತಿಯೇ ಇಲ್ಲವಾದ್ದರಿಂದ ಆ ಏಟು ನಮಗೆ ತಾಗದು. ಸ್ಟ್ರೆಪ್ಟೋಮೈಸಿನ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನು ತಯಾರಿಕೆಯನ್ನು ಹಾಳುಗೆಡಹುತ್ತದೆ.

ಈ ಜ್ಞಾನದ ಬೆಲೆಯನ್ನು ನಮ್ಮ ಊರಿನ ಇತಿಹಾಸವೇ ಹೇಳುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಲಾಗಿತ್ತು. ಆದರೆ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಜನರು ಮನೆ ತೊರೆದು ಬಯಲಿನ ಗುಡಿಸಲುಗಳಲ್ಲಿ ನೆಲೆಸಬೇಕಾಯಿತು. ಕಿಕ್ಕಿರಿದ ಪೇಟೆಯಿಂದ ದೂರ, ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡುದು ಆ ಕಾಲದಲ್ಲಿಯೇ. ಪ್ಲೇಗಿಗೆ ಪರಿಣಾಮಕಾರಿಯಾದ ಸ್ಟ್ರೆಪ್ಟೋಮೈಸಿನ್ ದೊರೆತದ್ದು 1943ರಲ್ಲಿ.

ಬ್ಯಾಕ್ಟೀರಿಯಾಗಳಂತೆಯೇ ಕಾಣುವ, ಕೋಶಕೇಂದ್ರವಿಲ್ಲದ ಮತ್ತೊಂದು ಜೀವಿವರ್ಗವೇ ಆರ್ಕಿಯಾ. ಇವು ಪ್ರತ್ಯೇಕ ಕುಲವೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ತೋರಿಸಿದರು. ಇವುಗಳ ಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕನ್ ಇಲ್ಲ. ಆದ್ದರಿಂದ ಪೆನಿಸಿಲಿನ್ ಇವುಗಳಿಗೆ ನಾಟದು. ಗೋಬರ್ ಗ್ಯಾಸ್ ಸ್ಥಾವರದಲ್ಲಿ ಗಾಳಿಯಾಡದ ಕಡೆ ಮೀಥೇನ್ ಅನಿಲವನ್ನು ಉತ್ಪಾದಿಸುವವು ಆರ್ಕಿಯಾಗಳೇ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದ ಪ್ರಯತ್ನದಿಂದ ಇದೇ ಅನಿಲ ಬಳಸಿ ವಿದ್ಯುತ್ ಉತ್ಪಾದಿಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಲಾಯಿತು. ನಮ್ಮ ದೊಡ್ಡ ಕರುಳಿನಲ್ಲಿಯೂ ಆರ್ಕಿಯಾಗಳು ವಾಸಿಸುತ್ತವೆ.

ಇನ್ನು ನೆಗಡಿಯ ವಿಷಯ. ಅದಕ್ಕೆ ಕಾರಣ ವೈರಸ್. ವೈರಸ್ಸಿಗೆ ಜೀವಕೋಶವೇ ಇಲ್ಲ. ಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಗೋಡೆಯೇ ಇಲ್ಲದವನ ಮೇಲೆ ಗೋಡೆ ಒಡೆಯುವ ಹಾರೆಯನ್ನು ಎತ್ತಿ ಫಲವೇನು? ಆ ಏಟು ಬೀಳುವುದು ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳ ಮೇಲೆ. ಆದುದರಿಂದಲೇ ಕೆಲವರಿಗೆ ಭೇದಿಯಾಗುತ್ತದೆ. ಚರಕಸಂಹಿತೆಯ ವಿಮಾನಸ್ಥಾನವು ರೋಗಕಾರಕ ಕ್ರಿಮಿಗಳನ್ನು ಎಣಿಸುವಾಗ ದೇಹದೊಡನೆಯೇ ಇರುವ ‘ಸಹಜ’ ಕ್ರಿಮಿಗಳನ್ನು ಬೇರೆಯಾಗಿಯೇ ಇಡುತ್ತದೆ. ಸೂಕ್ಷ್ಮದರ್ಶಕವಿಲ್ಲದ ಆ ಕಾಲದವರು ಬ್ಯಾಕ್ಟೀರಿಯಾಗಳನ್ನು ಕಂಡಿದ್ದರೆಂದು ನಾನು ಹೇಳುವುದಿಲ್ಲ. ಎಲ್ಲವೂ ಶತ್ರುಗಳಲ್ಲವೆಂಬ ವಿವೇಕ ಮಾತ್ರ ಇಂದಿಗೂ ಸಲ್ಲುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಬ್ಯಾಕ್ಟೀರಿಯಾಗಳಲ್ಲಿ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳಿರುವುದುಂಟು. ಔಷಧಿಯನ್ನು ತಡೆದುಕೊಳ್ಳುವ ಗುಣವನ್ನು ಇವುಗಳ ಮೂಲಕ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲದು. ನಾವು ಅನಗತ್ಯವಾಗಿ ಮಾತ್ರೆ ನುಂಗಿದಾಗಲೆಲ್ಲ ದುರ್ಬಲವಾದವು ಸತ್ತು, ತಡೆದುಕೊಂಡವು ಉಳಿದು ಬೆಳೆಯುತ್ತವೆ. ನಾಳೆ ನಿಜವಾದ ಸೋಂಕು ಬಂದಾಗ ಔಷಧಿ ಇದ್ದೂ ಇಲ್ಲದಂತಾಗುತ್ತದೆ. 1898ರ ಅಸಹಾಯಕತೆ ಮರಳುತ್ತದೆ.

ಆದುದರಿಂದ ವೈದ್ಯರ ಸಲಹೆಯಿಲ್ಲದೆ ಆಂಟಿಬಯೋಟಿಕ್ ಸೇವಿಸಬಾರದು. ಕೊಟ್ಟಾಗ ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸಬೇಕು. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಕೂಡಿಡುವುದಾಗಲಿ, ನೆರೆಯವರಿಗೆ ಕೊಡುವುದಾಗಲಿ ಸಲ್ಲದು. ಸಾಮಾನ್ಯ ನೆಗಡಿಗೆ ವಿಶ್ರಾಂತಿ, ಬಿಸಿನೀರು, ಲಘು ಆಹಾರಗಳು ಸಾಕು. ಜ್ವರ ಮೂರು ದಿನ ಮೀರಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಉಸಿರಾಟ ಕಷ್ಟವಾದರೆ ಒಂದು ದಿನವೂ ಕಾಯಬಾರದು. ಆಯುರ್ವೇದ ವೈದ್ಯನಾದ ನಾನೂ ನಿಜವಾದ ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣ ಕಂಡರೆ ರೋಗಿಗಳನ್ನು ಆಸ್ಪತ್ರೆಗೆ ಕಳುಹಿಸುತ್ತೇನೆ.

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಅದನ್ನು ಕಾಯುವ ಔಷಧಿಯನ್ನೂ ದಾಸೋಹದ ಪದಾರ್ಥದಂತೆ ಹಿತಮಿತವಾಗಿ ಬಳಸಿ, ಮುಂದಿನ ಪೀಳಿಗೆಗೂ ಉಳಿಸೋಣ.