ಆ್ಯಪ್ ಪರೀಕ್ಷೆಗೆ ತಕ್ಕ ಅನುಕಾರಿ ಯಾವುದು?

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರವು ರೈತರು ತಮ್ಮ ಬೆಳೆಯನ್ನು ತಾವೇ ದಾಖಲಿಸುವ 'ಬೆಳೆ ಸಮೀಕ್ಷೆ' ಆ್ಯಪನ್ನು ಬಳಕೆಗೆ ತಂದಿತು. ಹೊಲದಲ್ಲಿ ನಿಂತು ಸರ್ವೆ ನಂಬರು ಆರಿಸಿ, ಬೆಳೆಯ ಹೆಸರು ತುಂಬಿ, ಛಾಯಾಚಿತ್ರ ತೆಗೆದು ಕಳುಹಿಸುವುದು ಅದರ ಕ್ರಮ. ಕಾಗಿನೆಲೆಯ ರೈತನೊಬ್ಬನ ಗೋವಿನಜೋಳವೋ ಮೆಣಸಿನಕಾಯಿಯೋ ತಪ್ಪಾಗಿ ದಾಖಲಾದರೆ ಬೆಳೆವಿಮೆ, ಪರಿಹಾರ, ಬೆಂಬಲ ಬೆಲೆಗಳಲ್ಲಿ ತೊಡಕುಂಟಾಗುವುದು. ಆದುದರಿಂದ ಇಂಥ ಆ್ಯಪನ್ನು ಜನರ ಕೈಗಿಡುವ ಮೊದಲು ಯಾವುದರ ಮೇಲೆ ಪರೀಕ್ಷಿಸಬೇಕೆಂಬುದು ಅಲ್ಪ ವಿಚಾರವಲ್ಲ.

ಗಣಕದ ತೆರೆಯ ಮೇಲೆ ಫೋನಿನಂತೆ ವರ್ತಿಸುವ ಸಾಧನಗಳಲ್ಲಿ ಎರಡು ಬಗೆ ಮುಖ್ಯ. ಆಪಲ್ ಸಂಸ್ಥೆಯ ಸಿಮ್ಯುಲೇಟರ್ ಮ್ಯಾಕ್ ಗಣಕದಲ್ಲಿ ಮಾತ್ರ ನಡೆಯುವುದು. ಐಫೋನಿನ ಹೊರನಡೆಯನ್ನು ತೋರುವುದೇ ಹೊರತು ಅದರ ಯಂತ್ರಾಂಗವನ್ನು ಅನುಕರಿಸದು. ಆಂಡ್ರಾಯ್ಡ್ ಸ್ಟುಡಿಯೋದೊಡನೆ ದೊರೆಯುವ ಎಮ್ಯುಲೇಟರಾದರೋ ಕಲ್ಪಿತ ಫೋನೊಂದನ್ನು ಕಟ್ಟಿ, ಇಡಿಯ ಆಂಡ್ರಾಯ್ಡನ್ನೇ ಅದರಲ್ಲಿ ನಡೆಸುವುದು. ಎರಡನ್ನೂ 'ಅನುಕಾರಿ' ಎಂಬ ಒಂದೇ ಪದದಲ್ಲಿ ಅಡಗಿಸಿದರೆ ಈ ಭೇದ ಮರೆಯಾದೀತು.

ನಮ್ಮ ಹಳ್ಳಿಗಳಲ್ಲಿ ಆಂಡ್ರಾಯ್ಡ್ ಫೋನುಗಳೇ ಹೆಚ್ಚಾದುದರಿಂದ ಎಮ್ಯುಲೇಟರೇ ಮೊದಲ ಆಯ್ಕೆಯಾಗತಕ್ಕದ್ದು. ಅದರಲ್ಲಿಯೂ ಹಳೆಯ ಆವೃತ್ತಿ, ಕಿರಿದಾದ ತೆರೆ, ಕಡಿಮೆ ಮೆಮೊರಿಗಳ ಫೋನನ್ನು ಕಲ್ಪಿಸಿಕೊಳ್ಳುವುದು ಯುಕ್ತ. ಹೊಸ ಮಾದರಿಯಲ್ಲಿ ಅಂದವಾಗಿ ಕಂಡ ಕನ್ನಡ ಪದ ಅಲ್ಲಿ ಗುಂಡಿಯ ಅಂಚು ಮೀರೀತು. ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋದೀತು. ಅಂತರ್ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿ ನೋಡಲೂ ಅಲ್ಲಿ ಅನುಕೂಲವಿದೆ.

ಆದರೆ ಎಮ್ಯುಲೇಟರಿಗೆ ಅಕ್ಷಾಂಶ ರೇಖಾಂಶಗಳನ್ನು ನಾವೇ ಊಡಬೇಕು. ಅದರ ಕ್ಯಾಮೆರಾ ತೋರುವುದು ಕಲ್ಪಿತ ಕೋಣೆಯೊಂದನ್ನು. ಉಪಗ್ರಹದ ಸಂಕೇತ ತಡವಾಗುವುದು, ನಡುಹಗಲ ಬಿಸಿಲಿಗೆ ಅಕ್ಷರ ಕಾಣದಿರುವುದು, ಮಣ್ಣು ಮೆತ್ತಿದ ಬೆರಳಿಗೆ ತೆರೆ ಓಗೊಡದಿರುವುದು, ಇವು ಅಲ್ಲಿ ಸಿಗವು. ಇವುಗಳಿಗಾಗಿ ಅಗ್ಗದ ಒಂದೆರಡು ನಿಜವಾದ ಫೋನುಗಳನ್ನು ಹಿಡಿದು ಹೊಲದ ಬದುವಿಗೇ ಹೋಗಬೇಕು.